ಗಾಜು ಬಿರುಕು ಬಿಟ್ಟಿದೆ ಎಂದು ಇಡೀ ಬಾಗಿಲನ್ನೇ ತೆಗೆಯಬೇಕಾ?

ಪ್ರಶ್ನೆ: ಕುಂಬಳೆ ಹತ್ತಿರ ನಮ್ಮ ಮನೆ. ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಊಟದ ಕೋಣೆಯಿಂದ ಹಿಂದಿನ ಜಗಲಿಗೆ ಹೋಗಲು ಎರಡು ಶಟರಿನ (ಪಕ್ಕಕ್ಕೆ ಜಾರುವ ಗಾಜಿನ ಕದಗಳ) ಅಲ್ಯೂಮಿನಿಯಂ ಸ್ಲೈಡಿಂಗ್ ಬಾಗಿಲು ಇದೆ. 11 ವರ್ಷ ಹಳೆಯದು, ಪಡುದಿಕ್ಕಿಗೆ ಮುಖ. ಕಳೆದ ವಾರ ಬೆಳಿಗ್ಗೆ ಎದ್ದು ನೋಡಿದರೆ ಒಂದು ಶಟರಿನ ಗಾಜಿನಲ್ಲಿ, ಹಿಡಿಕೆ ಕಡೆಯ ಕೆಳಮೂಲೆಯಿಂದ ಮೇಲಕ್ಕೆ ಉದ್ದ ಬಿರುಕು. ಕಲ್ಲು ಬಿದ್ದದ್ದಲ್ಲ, ಯಾರೂ ಗುದ್ದಿಲ್ಲ. ಬಾಗಿಲು ಎರಡು ವರ್ಷದಿಂದ ಎಳೆಯಲು ತುಂಬ ಬಿಗಿ. ನೋಡಲು ಬಂದವರೊಬ್ಬರು "ಗಾಜು ಮಾತ್ರ ಹಾಕಿದರೆ ನಿಲ್ಲುವುದಿಲ್ಲ, ಎಲ್ಲ ತೆಗೆದು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲು ಹಾಕಿ" ಎಂದರು. ಅತ್ತೆಗೆ 80 ವರ್ಷ, ಇಬ್ಬರು ಸಣ್ಣ ಮಕ್ಕಳು. ಗಾಜು ಮಾತ್ರ ಬದಲಿಸಬಹುದಾ? ಯಾವ ಗಾಜು ಹಾಕಬೇಕು? ನಾವೇ ಮಾಡಿಕೊಳ್ಳಬಹುದಾ?

ಉತ್ತರ: ಗಾಜು ಮಾತ್ರ ಬದಲಿಸಬಹುದು. ಆದರೆ ಈಗ ಇರುವಂಥದೇ ಗಾಜನ್ನು ಮತ್ತೆ ಹಾಕಬೇಡಿ. ಅದು ಯಾಕೆ ಒಡೆಯಿತು ಎಂದು ತಿಳಿಯದೆ ಹೊಸದಕ್ಕೆ ಅಳತೆಯನ್ನೂ ಕೊಡಬೇಡಿ.

ಬದಿಯಡ್ಕ, ಕುಂಬಳೆ, ಉಪ್ಪಳ ಕಡೆಗಳಲ್ಲಿ ಇಂಥ ಬಾಗಿಲು ಕೂಡಿಸುವುದು, ಬಿಚ್ಚುವುದೇ ನನ್ನ ಕೆಲಸ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು "ಉದ್ದ ಬಿರುಕು" ಎಂಬ ಮಾತು. ಬಿರುಕು ಬಿಟ್ಟೂ ಗಾಜು ಇನ್ನೂ ಚೌಕಟ್ಟಿನಲ್ಲೇ ನಿಂತಿದೆ ಅಂದರೆ ಅದು ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಅಲ್ಲ. ಟಫನ್ಡ್ ಆಗಿದ್ದರೆ ಬಿರುಕು ಬಿಟ್ಟು ನಿಲ್ಲುತ್ತಲೇ ಇರಲಿಲ್ಲ. ಒಂದು ಮೂಲೆ ಹೋದರೂ ಸಾಕು, ಇಡೀ ಹಾಳೆ ಒಂದೇ ಸಲಕ್ಕೆ ಕಲ್ಲುಸಕ್ಕರೆಯಂಥ ಚೂರುಗಳಾಗುತ್ತಿತ್ತು. ಒಳಗೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು 11 ವರ್ಷದ ಹಿಂದಿನ ಮಾಮೂಲಿ ಸ್ಲೈಡಿಂಗ್ ಬಾಗಿಲಿಗೆ ನಮ್ಮ ಕಡೆ ಹಾಕಿದ್ದನ್ನು ನಾನು ನೋಡಿದ್ದೇ ಕಡಿಮೆ. ಹಾಗಾಗಿ ನಿಮ್ಮದು ಸಾದಾ ಗಾಜೇ. ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದ ತುಂಡುಗಳು ಬೀಳುತ್ತವೆ. ಮೇಲಿನ ತುಂಡು ಜಾರಿದರೆ ಕೊಡಲಿಯ ಹಾಗೆ ನೇರ ಕೆಳಗೆ ಬರುತ್ತದೆ. ಮಕ್ಕಳು ಓಡಾಡುವ ಬಾಗಿಲಿಗೆ ಈ ಗಾಜು ಮೊದಲ ದಿನದಿಂದಲೇ ಸರಿಯಾದದ್ದಲ್ಲ.

ಆದ್ದರಿಂದ ಮೊದಲ ಕೆಲಸ ಇವತ್ತೇ ಮಾಡಿ. ಆ ಶಟರನ್ನು ಮುಚ್ಚಿ ಚಿಲಕ ಹಾಕಿ. ಇನ್ನು ಆ ಬಾಗಿಲಲ್ಲಿ ಯಾರೂ ಓಡಾಡಬಾರದು. ಬಿರುಕಿನ ಮೇಲೆ ಅಡ್ಡಕ್ಕೆ, ಆಮೇಲೆ ಇಡೀ ಗಾಜಿಗೆ ಮೂಲೆಯಿಂದ ಮೂಲೆಗೆ, ಅಗಲದ ಪ್ಯಾಕಿಂಗ್ ಟೇಪನ್ನು ಒಳಗೂ ಹೊರಗೂ ಅಂಟಿಸಿ. ಅಂಟಿಸುವಾಗ ಗಾಜನ್ನು ಒತ್ತಬೇಡಿ. ಟೇಪು ಬಿರುಕನ್ನು ನಿಲ್ಲಿಸುವುದಿಲ್ಲ, ತುಂಡು ಬಿದ್ದರೂ ಚೆಲ್ಲಾಡದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಒಳಗಡೆ ಒಂದು ಮಂಚದ ಹಲಗೆಯೋ ಹಳೆಯ ಪ್ಲೈವುಡ್ಡೋ ಅಡ್ಡ ನಿಲ್ಲಿಸಿ. ಕಾರಿನ ಗಾಜಿನ ಬಿರುಕಿಗೆ ಅಂಟು ತುಂಬುತ್ತಾರಲ್ಲ, ಹಾಗೆ ಇದಕ್ಕೂ ಮಾಡಬಾರದಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಕಾರಿನ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಇಟ್ಟದ್ದು. ಅದು ತಾನಾಗಿಯೇ ಒಟ್ಟಿಗೆ ನಿಂತಿರುತ್ತದೆ. ನಿಮ್ಮದು ಒಂದೇ ಹಾಳೆ.

ಈಗ ಯಾಕೆ ಒಡೆಯಿತು ಎಂಬ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದನ್ನು ನೋಡದೆ ಗಾಜು ಹಾಕಿದ ಬಾಗಿಲುಗಳನ್ನು ನಾನು ಮತ್ತೆ ಹೋಗಿ ಬಿಚ್ಚಿದ್ದು ಎಷ್ಟೋ ಸಲ.

ಬಿರುಕಿನ ಆಕಾರ ನೋಡಿದರೆ ಕಾರಣ ಅರ್ಧ ತಿಳಿಯುತ್ತದೆ. ಕಲ್ಲು ತಾಗಿದ್ದರೆ ತಾಗಿದ ಜಾಗದಲ್ಲಿ ಒಂದು ಚುಕ್ಕೆ ಇರುತ್ತದೆ, ಅಲ್ಲಿಂದ ನಕ್ಷತ್ರದ ಹಾಗೆ ಗೆರೆಗಳು ಹರಡುತ್ತವೆ. ತೋಟದಲ್ಲಿ ಕಾಡು ಕಡಿಯುವ ಮೆಷಿನ್ ಓಡಿಸುವಾಗ ಹಾರಿದ ಹರಳುಕಲ್ಲು ಹೀಗೆ ಮಾಡುತ್ತದೆ. ಬಿಸಿಲಿನಿಂದ ಒಡೆದದ್ದಾದರೆ ಬಿರುಕು ಅಂಚಿನಿಂದ ನೇರ ಲಂಬವಾಗಿ ಹೊರಟು, ಸ್ವಲ್ಪ ದೂರ ಹೋದ ಮೇಲೆ ಅಂಕುಡೊಂಕಾಗುತ್ತದೆ. ಗಾಜಿನ ನಡುಭಾಗ ಸಂಜೆ ಬಿಸಿಲಿಗೆ ಕಾದು, ಅಂಚು ಚೌಕಟ್ಟಿನೊಳಗೆ ತಣ್ಣಗಿದ್ದಾಗ ಹೀಗಾಗುತ್ತದೆ. ಸಾದಾ ಗಾಜಿಗೆ 40 ಡಿಗ್ರಿ ಆಸುಪಾಸಿನ ವ್ಯತ್ಯಾಸವೇ ಅಪಾಯ. ಬಣ್ಣದ ಗಾಜು ಬಿಸಿಯನ್ನು ಜಾಸ್ತಿ ಹೀರುತ್ತದೆ, ಅದಕ್ಕೆ ಈ ತೊಂದರೆ ಹೆಚ್ಚು.

ನಿಮ್ಮ ಬಿರುಕು ಹೊರಟದ್ದು ಕೆಳಮೂಲೆಯಿಂದ, ಅದೂ ಹಿಡಿಕೆ ಇರುವ ಕಡೆಯಿಂದ. ಬಾಗಿಲು ಎರಡು ವರ್ಷದಿಂದ ಬಿಗಿ ಎಂದೂ ಬರೆದಿದ್ದೀರಿ. ಈ ಎರಡು ಮಾತು ಒಟ್ಟಿಗೆ ಬಂದರೆ ನಾನು ಮೊದಲು ನೋಡುವುದು ಕೆಳಗಿನ ಚಕ್ರವನ್ನು.

ಶಟರಿನ ಅಡಿಯಲ್ಲಿ, ಎರಡು ತುದಿಗೆ ಒಂದೊಂದರಂತೆ, ನೈಲಾನ್ ಚಕ್ರಗಳಿರುತ್ತವೆ. ಚಕ್ರ ನೈಲಾನ್ ಆದರೂ ಅದರ ಹೊಟ್ಟೆಯಲ್ಲಿರುವುದು ಉಕ್ಕಿನ ಬೇರಿಂಗ್. ಕಡಲ ಉಪ್ಪುಗಾಳಿ, ಅಂಗಳದ ಕೆಂಪು ಧೂಳು, ಮಳೆನೀರು ಮೂರೂ ಸೇರಿ ಹಳಿಯಲ್ಲಿ ಕೆಸರಾಗಿ ಕೂರುತ್ತವೆ. ಬೇರಿಂಗ್ ತುಕ್ಕು ಹಿಡಿಯುತ್ತದೆ. ಚಕ್ರ ತಿರುಗುವುದು ನಿಂತು ಉಜ್ಜಿಕೊಂಡು ಹೋಗುತ್ತದೆ, ಉಜ್ಜಿ ಉಜ್ಜಿ ಒಂದು ಕಡೆ ಚಪ್ಪಟೆಯಾಗುತ್ತದೆ. ಆಗ ಆ ಬದಿಯಲ್ಲಿ ಶಟರ್ ಎರಡು ಮೂರು ಮಿಲಿಮೀಟರ್ ಕೆಳಗಿಳಿಯುತ್ತದೆ. ಮನೆಯವರು ಜೋರು ಎಳೆಯಲು ಶುರು ಮಾಡುತ್ತಾರೆ. ಪ್ರತಿ ಸಲ ಎಳೆದಾಗಲೂ ಶಟರ್ ಓರೆಯಾಗಿ ತಿರುಚುತ್ತದೆ. ಒಳಗಿರುವ ಗಾಜು ತಿರುಚುವುದಿಲ್ಲ. ಅಂಚಿಗೆ ಸುತ್ತಿದ ರಬ್ಬರ್ ಹೊಸದಾಗಿದ್ದಾಗ ಅದನ್ನು ತಡೆದುಕೊಳ್ಳುತ್ತದೆ. ಹತ್ತು ವರ್ಷದಲ್ಲಿ ರಬ್ಬರ್ ಒಣಗಿ ಗಟ್ಟಿಯಾಗಿ, ಮೂಲೆಯಲ್ಲಿ ತೆಳ್ಳಗಾಗಿ ಹರಿದಿರುತ್ತದೆ. ಆಮೇಲೆ ಗಾಜಿನ ಮೂಲೆ ಕೂರುವುದು ಬರಿಯ ಲೋಹದ ಮೇಲೆ, ಕೆಲವು ಸಲ ಒಂದು ಸ್ಕ್ರೂವಿನ ತುದಿಯ ಮೇಲೆ.

ಶಟರ್ ಬಿಚ್ಚಿದ ದಿನ ನೀವೇ ಹತ್ತಿರ ಕೂತು ನೋಡಿ. ಬಿರುಕು ಹೊರಟ ಜಾಗದಲ್ಲಿ ಗಾಜಿನ ಅಂಚಿಂದ ಒಂದು ಸಣ್ಣ ಚಕ್ಕೆ ಎದ್ದಿರುತ್ತದೆ. ಮರುವಾಯಿ ಚಿಪ್ಪಿನ ಬೆನ್ನಿನಲ್ಲಿ ಗೆರೆ ಗೆರೆ ಇರುತ್ತದಲ್ಲ, ಚಕ್ಕೆ ಎದ್ದ ಗುಳಿಯಲ್ಲೂ ಅಂಥದೇ ಗೆರೆಗಳು. ಅದರ ನೇರಕ್ಕೆ ಅಲ್ಯೂಮಿನಿಯಂನಲ್ಲಿ ಹೊಳೆಯುವ ಒಂದು ಗೀರು ಇದ್ದರೆ ಸಂಶಯವೇ ಬೇಡ, ಗಾಜು ಅಲ್ಲೇ ಲೋಹಕ್ಕೆ ತಾಗಿದೆ. ಬೆಳಿಗ್ಗೆ ಎದ್ದು ನೋಡುವಾಗ ಬಿರುಕು ಇತ್ತು ಎಂದಿರಿ. ಚಕ್ಕೆ ಎಂದೋ ಎದ್ದಿರಬೇಕು. ಹಗಲು ಹಿಗ್ಗಿದ ಚೌಕಟ್ಟು ರಾತ್ರಿ ತಣ್ಣಗಾಗಿ ಕುಗ್ಗುವಾಗ ಬಿರುಕು ಓಡಿರಬೇಕು. ಅಲ್ಯೂಮಿನಿಯಂ ಗಾಜಿಗಿಂತ ಎರಡೂವರೆ ಪಟ್ಟು ಜಾಸ್ತಿ ಹಿಗ್ಗುತ್ತದೆ, ಅಷ್ಟೇ ಕುಗ್ಗುತ್ತದೆ. ಎರಡು ಮೀಟರ್ ಎತ್ತರದ ಶಟರ್ 30 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಗಾಜು ಅರ್ಧ ಮಿಲಿಮೀಟರಿನಷ್ಟು. ಈ ಆಟಕ್ಕೆ ಜಾಗ ಬಿಡದೆ ಕೂಡಿಸಿದರೆ ಗಾಜು ಎಷ್ಟು ಗಟ್ಟಿಯಾಗಿದ್ದೂ ಪ್ರಯೋಜನ ಇಲ್ಲ.

ಇನ್ನೊಂದು ಕಾರಣವನ್ನೂ ನೋಡಿಬಿಡಿ. ಮೇಲಿನ ಲಿಂಟಲ್ ಬಗ್ಗಿದೆಯಾ? ಮೇಲಿನ ಹಳಿಯ ಎರಡು ತುದಿಗೆ ಒಂದು ನೂಲು ಬಿಗಿಯಾಗಿ ಕಟ್ಟಿ. ನಡುವೆ ಹಳಿ ನೂಲಿಗಿಂತ ಕೆಳಗೆ ಇಳಿದಿದ್ದರೆ ಗೋಡೆಯ ಭಾರ ಬಾಗಿಲಿನ ಮೇಲೆ ಕೂತಿದೆ ಎಂದು ಅರ್ಥ. ಆಗ ಮೊದಲು ಮೇಸ್ತ್ರಿಯ ಕೆಲಸ, ಗಾಜಿನದ್ದು ಆಮೇಲೆ. ಕೆಂಪು ಕಲ್ಲಿನ ಹಳೇ ಗೋಡೆಯನ್ನು ಒಡೆದು ಅಗಲದ ಬಾಗಿಲು ಇಟ್ಟ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ನಿಮ್ಮದು ಮನೆ ಕಟ್ಟುವಾಗಲೇ ಇಟ್ಟ ಬಾಗಿಲಾದರೆ ಇದು ಇರಲಿಕ್ಕಿಲ್ಲ.

ಯುಪಿವಿಸಿ ಹಾಕಿ ಎಂದವರ ಮಾತು ಪೂರ್ತಿ ತಪ್ಪಲ್ಲ. ಉಪ್ಪುಗಾಳಿಗೆ ಯುಪಿವಿಸಿ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಚಕ್ರವೂ ಸ್ಕ್ರೂವೂ ಲೋಹದ್ದೇ. ಗಟ್ಟಿಗೆ ಒಳಗೆ ಕೂರಿಸುವ ಪಟ್ಟಿಯೂ ಕಬ್ಬಿಣದ್ದು. ನಿಮ್ಮ ಚೌಕಟ್ಟು ಗಟ್ಟಿ ಇದ್ದರೆ ಅದನ್ನು ಕಿತ್ತು ಗೋಡೆ, ಗಾರೆ, ಪೇಂಟ್ ಎಲ್ಲ ಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಹೀಗೆ ಪರೀಕ್ಷೆ ಮಾಡಿ. ಶಟರಿನ ನಾಲ್ಕು ಮೂಲೆಯ ಕೀಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಅಲುಗಬಾರದು. ಕೆಳಗಿನ ಹಳಿಯ ಮೇಲೆ ಬಿಳಿ ಹುಡಿ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಒರೆಸಿದ ಮೇಲೆ ಸಣ್ಣ ಗುಳಿಗಳಷ್ಟೇ ಇದ್ದರೆ ಚಿಂತೆ ಇಲ್ಲ. ಚಕ್ರ ಓಡುವ ಏಣು ಸವೆದು ಹಲ್ಲುಹಲ್ಲಾಗಿದ್ದರೆ, ಅಥವಾ ಉಗುರು ಒತ್ತಿದಲ್ಲಿ ಲೋಹ ಪದರ ಪದರವಾಗಿ ಎದ್ದರೆ, ಆಗ ಅವರು ಹೇಳಿದ್ದೇ ಸರಿ. 11 ವರ್ಷದ ಬಾಗಿಲುಗಳಲ್ಲಿ ನಾನು ಕಂಡ ಹೆಚ್ಚಿನವು ಇನ್ನೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಇನ್ನು ಗಾಜು. ಟಫನ್ಡ್ ಹಾಕಿ. ಸಾದಾ ಗಾಜನ್ನು ಬೇಕಾದ ಅಳತೆಗೆ ಕೊಯ್ದು, ಅಂಚು ಉಜ್ಜಿ, 600 ಡಿಗ್ರಿಗಿಂತ ಮೇಲೆ ಕಾಯಿಸಿ, ಎರಡೂ ಮುಖಕ್ಕೆ ಒಟ್ಟಿಗೆ ತಣ್ಣನೆಯ ಗಾಳಿ ಹೊಡೆದರೆ ಟಫನ್ಡ್ ಆಗುತ್ತದೆ. ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ನಿಧಾನ ತಣಿದು ಕುಗ್ಗುತ್ತಾ ಮೇಲ್ಮೈಯನ್ನು ಎಲ್ಲ ಕಡೆಯಿಂದ ಬಿಗಿದು ಹಿಡಿಯುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ಹಾಕಿ ನೀರು ಹೊಯ್ಯುವುದನ್ನು ನೋಡಿದವರಿಗೆ ಈ ಬಿಗಿತ ಬೇಗ ಅರ್ಥವಾಗುತ್ತದೆ. ಹೀಗೆ ಬಿಗಿದ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಬಿಸಿ ತಣ್ಣಗಿನ ವ್ಯತ್ಯಾಸವನ್ನೂ 200 ಡಿಗ್ರಿವರೆಗೆ ತಾಳುತ್ತದೆ, ಅಂದರೆ ನಿಮ್ಮ ಪಡುಬಿಸಿಲು ಇದಕ್ಕೆ ಏನೂ ಅಲ್ಲ. ಒಡೆದರೂ ಮೊಂಡು ಚೂರುಗಳು. ಮೈ ತರಚಬಹುದು, ಸೀಳುವುದು ತುಂಬ ಅಪರೂಪ.

ಆದರೆ ಒಂದು ಸಲ ಟಫನ್ಡ್ ಆದ ಮೇಲೆ ಅದನ್ನು ಕೊಯ್ಯಲು ಆಗುವುದಿಲ್ಲ. ತೂತು ಹಾಕಲೂ ಆಗುವುದಿಲ್ಲ, ಅಂಚು ಉಜ್ಜಲೂ ಆಗುವುದಿಲ್ಲ. ಇದನ್ನು ನಾನು ಕಲಿತದ್ದು ನೀರ್ಚಾಲಿನ ಒಂದು ಮನೆಯಲ್ಲಿ, ಕೆಲಸಕ್ಕೆ ಸೇರಿದ ಮೂರನೇ ವರ್ಷ. ಅಳತೆ ತೆಗೆದವನು ನಾನೇ. ಮೇಲೆ ಒಂದೇ ಕಡೆ ಅಗಲ ಹಿಡಿದು ಬರೆದುಕೊಂಡು ಬಂದಿದ್ದೆ. ಕೆಳಗೆ ಚೌಕಟ್ಟು ನಾಲ್ಕು ಮಿಲಿಮೀಟರ್ ಕಿರಿದು. ಗಾಜು ಬಂತು, ಕೂರಲಿಲ್ಲ. ಒಂಚೂರು ಉಜ್ಜಿದರೆ ಆದೀತು ಎಂದು ಅಂಚಿಗೆ ಗ್ರೈಂಡರ್ ತಾಗಿಸಿದೆ. ಗುಂಡು ಹೊಡೆದಂಥ ಸದ್ದು. ಕಣ್ಣು ಬಿಟ್ಟರೆ ಕೈಯಲ್ಲಿ ಗಾಜೇ ಇಲ್ಲ, ಅಂಗಳ ತುಂಬ ಹರಳು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಆ ಮನೆಯ ಅಜ್ಜ ಏನೂ ಬೈಯಲಿಲ್ಲ, ಒಂದು ಚೊಂಬು ನೀರು ತಂದುಕೊಟ್ಟರು. ಹೊಸ ಗಾಜಿನ ದುಡ್ಡು ನಾನೇ ಕಟ್ಟಿದೆ. ಅಂದಿನಿಂದ ಅಳತೆಯನ್ನು ಒಬ್ಬನೇ ತೆಗೆಯುವುದಿಲ್ಲ. ಒಬ್ಬರು ಟೇಪು ಹಿಡಿದು ಹೇಳಬೇಕು, ಇನ್ನೊಬ್ಬರು ಬರೆದು ಓದಿ ಹೇಳಬೇಕು.

ಅಳತೆಯ ಕ್ರಮ ಹೀಗೆ. ಕಾಣುವ ಗಾಜನ್ನು ಅಳೆದು ಅಂದಾಜಿಗೆ ಕೂಡಿಸಬೇಡಿ. ಶಟರ್ ಇಳಿಸಿ, ಹಿಡಿಕೆ ಕಡೆಯ ಪಟ್ಟಿ ಬಿಚ್ಚಿ, ಹಳೇ ಗಾಜು ತೆಗೆದು, ಮತ್ತೆ ಖಾಲಿ ಚೌಕಟ್ಟನ್ನು ಜೋಡಿಸಿ. ಈಗ ಒಂದು ಗಾಡಿಯ ತಳದಿಂದ ಎದುರಿನ ಗಾಡಿಯ ತಳಕ್ಕೆ ಅಳೆಯಿರಿ. ಗಾಡಿ ಅಂದರೆ ಗಾಜು ಕೂರುವ ಸೀಳು. ಅಗಲವನ್ನು ಮೇಲೆ, ನಡುವೆ, ಕೆಳಗೆ, ಎತ್ತರವನ್ನು ಎರಡು ಬದಿ ಮತ್ತು ನಡುವೆ. ಮೂರರಲ್ಲಿ ಸಣ್ಣದ್ದೇ ನಿಮ್ಮ ಅಳತೆ. ಮೂಲೆಯಿಂದ ಮೂಲೆಗೆ ಎರಡು ಕರ್ಣವನ್ನೂ ಹಿಡಿಯಿರಿ. ಎರಡಕ್ಕೂ ಮೂರು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚೌಕಟ್ಟು ಓರೆಯಾಗಿದೆ, ಮೊದಲು ಅದನ್ನು ನೇರ ಮಾಡಿಸಿ. ಆಮೇಲೆ ಅಗಲದಲ್ಲಿ 6, ಎತ್ತರದಲ್ಲಿ 6 ಮಿಲಿಮೀಟರ್ ಕಳೆಯಿರಿ. ಪ್ರತಿ ಬದಿಗೆ ಮೂರರಂತೆ ಉಸಿರಾಡುವ ಜಾಗ. ಗಾಡಿಯಿಂದ ಗಾಡಿಗೆ 1130 ಮತ್ತು 2010 ಬಂತು ಎಂದಿಟ್ಟುಕೊಳ್ಳಿ, ಗಾಜು 1124 ಮತ್ತು 2004.

ನಮ್ಮ ಕಡೆ ಇನ್ನೂ ಇಂಚು, ನೂಲಿನ ಲೆಕ್ಕ ಓಡುತ್ತದೆ. ಇಂಚಿನ ಎಂಟರಲ್ಲಿ ಒಂದು ಪಾಲು ಒಂದು ನೂಲು, ಅಂದರೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮರದ ಕೆಲಸಕ್ಕೆ ಅದು ಸಾಕು. ಟಫನ್ಡ್ ಗಾಜಿಗೆ ಸಾಲದು, ನೀವು ಬಿಟ್ಟ ಜಾಗವೇ ಮೂರು ಮಿಲಿಮೀಟರ್. ಚೀಟಿಯಲ್ಲಿ ಮಿಲಿಮೀಟರಿನಲ್ಲೇ ಬರೆಯಿರಿ. ಅಂಕಿಯ ಮುಂದೆ "ಅಗಲ", "ಎತ್ತರ" ಎಂದು ಅಕ್ಷರದಲ್ಲಿ ಬರೆಯಿರಿ. ಅಂಗಡಿಯವರು ಮಲಯಾಳದಲ್ಲಿ ಬರೆದುಕೊಂಡರೆ ಅದನ್ನು ಓದಿಸಿ ಕೇಳಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ ಬರುವಾಗ ಅಡಿ ಲೆಕ್ಕದಲ್ಲಿ, ಅದೂ ಅಳತೆಯನ್ನು ಸ್ವಲ್ಪ ಮೇಲಕ್ಕೆ ಏರಿಸಿ ಹಾಕುತ್ತಾರೆ. ಅದು ಈ ವ್ಯಾಪಾರದ ವಾಡಿಕೆ. ಎಷ್ಟಕ್ಕೆ ಏರಿಸುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಂಡರೆ ಬಿಲ್ ಬಂದಾಗ ಮನಸ್ತಾಪ ಇಲ್ಲ.

ದಪ್ಪ ಎಷ್ಟು? ನಿಮ್ಮ ಹಳೇ ಗಾಜು 4 ಅಥವಾ 5 ಮಿಲಿಮೀಟರ್ ಇದ್ದೀತು. ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆ ನೇರ ಮುಖಕ್ಕೆ ಬಡಿಯುವ ಬಾಗಿಲು ಇದು. ಗಾಡಿಯಲ್ಲಿ ಜಾಗ ಇದ್ದರೆ ನಾನು 6 ಹಾಕುತ್ತೇನೆ, ಇಲ್ಲದಿದ್ದರೆ 5. ದಪ್ಪ ಗಾಜು ತುರುಕಲು ರಬ್ಬರನ್ನು ತೆಳ್ಳಗೆ ಮಾಡುವುದು ಮಾತ್ರ ಬೇಡ. ಭಾರವನ್ನೂ ಲೆಕ್ಕ ಹಾಕಿ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಮೇಲಿನ ಅಳತೆಗೆ 5 ಮಿಲಿಮೀಟರ್ ಆದರೆ 28 ಕಿಲೋ, 6 ಆದರೆ 34 ಕಿಲೋ. 8 ಹಾಕಿದರೆ 45 ಕಿಲೋ, ಅಷ್ಟು ಭಾರಕ್ಕೆ ಮಾಡಿದ ಬಾಗಿಲಲ್ಲ ಇದು. ದಪ್ಪ ಇದ್ದಷ್ಟೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಚಕ್ರದ ಪೆಟ್ಟಿಗೆಯ ಮೇಲೆ ಎಷ್ಟು ಕಿಲೋ ತಾಳುತ್ತದೆ ಎಂದು ಬರೆದಿರುವುದನ್ನು ಓದಲು ಹೇಳಿ.

ಗಾಜು ಬಂದಾಗ ಒಂದು ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇರಬೇಕು. ಐಎಸ್ಐ ಗುರುತು, ಜೊತೆಗೆ ಐಎಸ್ 2553 ಎಂಬ ನಂಬರ್. ಕಟ್ಟಡದಲ್ಲಿ ಹಾಕುವ ಸುರಕ್ಷಾ ಗಾಜಿಗೆ ನಮ್ಮ ದೇಶದ ನಿಯಮ ಅದು. ಮುದ್ರೆ ಚೌಕಟ್ಟಿನೊಳಗೆ ಮುಚ್ಚಿಹೋಗದ ಹಾಗೆ ಹಾಕಿ ಎಂದು ಆರ್ಡರ್ ಕೊಡುವಾಗಲೇ ಹೇಳಿ. ಮುದ್ರೆ ಇಲ್ಲದ ಗಾಜನ್ನು ಟಫನ್ಡ್ ಎಂದು ಹೇಳಿ ತಂದರೆ ಇಳಿಸಿಕೊಳ್ಳಬೇಡಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನು ಹಾಕಿಕೊಂಡು ಬಿಸಿಲಲ್ಲಿ ಓರೆಯಾಗಿ ನೋಡಿ. ಟಫನ್ಡ್ ಗಾಜಿನಲ್ಲಿ ಚಿರತೆಯ ಮೈಯಂತೆ ಮಸುಕಾದ ಚುಕ್ಕೆಗಳೋ ಪಟ್ಟೆಗಳೋ ಕಾಣುತ್ತವೆ. ಸಾದಾ ಗಾಜಿನಲ್ಲಿ ಕಾಣುವುದಿಲ್ಲ.

"ಟಫನ್ಡ್ ತಾನಾಗಿಯೇ ಒಡೆಯುತ್ತದಂತೆ" ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಅಪರೂಪಕ್ಕೆ ಹೌದು. ಗಾಜು ಕರಗಿಸುವಾಗ ನಿಕ್ಕಲ್ ಮತ್ತು ಗಂಧಕ ಸೇರಿದ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಒಳಗೆ ಉಳಿದರೆ, ಅದು ವರ್ಷಗಳ ಮೇಲೆ ನಿಧಾನ ಹಿಗ್ಗಿ ಒಂದು ದಿನ ಇಡೀ ಹಾಳೆ ಉದುರುತ್ತದೆ. ಕಾರ್ಖಾನೆಯಲ್ಲೇ ಮತ್ತೊಮ್ಮೆ ಬಿಸಿ ಕೋಣೆಯಲ್ಲಿಟ್ಟು ಅಂಥ ಹಾಳೆಗಳನ್ನು ಅಲ್ಲೇ ಒಡೆಸಿಬಿಡುವ ಪರೀಕ್ಷೆ ಇದೆ. ಹೀಟ್ ಸೋಕ್ ಎನ್ನುತ್ತಾರೆ. ಸ್ವಲ್ಪ ದುಡ್ಡು ಜಾಸ್ತಿ. ಮಹಡಿಯ ಮೇಲಿನ ಗಾಜಿಗಾದರೆ ನಾನು ಬೇಕೇ ಬೇಕು ಎನ್ನುತ್ತೇನೆ. ನಿಮ್ಮದು ನೆಲದ ಮೇಲಿನ ಬಾಗಿಲು, ಕೇಳಿ ನೋಡಿ, ಸಿಕ್ಕರೆ ಒಳ್ಳೆಯದು. ತಾನಾಗಿ ಒಡೆಯಿತು ಎಂದು ನನ್ನನ್ನು ಕರೆದ ಮನೆಗಳಲ್ಲಿ ಹೆಚ್ಚಿನ ಕಡೆ ಕಾರಣ ಅಂಚಿಗೆ ತಾಗಿದ ಲೋಹವೇ ಆಗಿತ್ತು.

ಲ್ಯಾಮಿನೇಟೆಡ್ ಬೇಡವಾ? ಹೊರಗೆ ಗ್ರಿಲ್ ಇಲ್ಲದೆ ಕಳ್ಳರ ಭಯ ಇದ್ದರೆ ಅದು ಒಳ್ಳೆಯದು, ಒಡೆದರೂ ಜಾಗ ಬಿಡುವುದಿಲ್ಲ. ಆದರೆ ಕೆಳಗಿನ ಗಾಡಿಯಲ್ಲಿ ನೀರು ನಿಂತರೆ ನಡುವಿನ ಪದರ ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ನಮ್ಮ ಮಳೆಗೆ, ಹಳೇ ಚೌಕಟ್ಟಿಗೆ, ಅದು ನನ್ನ ಮೊದಲ ಆಯ್ಕೆ ಅಲ್ಲ.

ಇನ್ನೊಂದು ಶಟರಿನ ಗಾಜು ಇನ್ನೂ ಚೆನ್ನಾಗಿದೆ ಅಲ್ವಾ, ಅದನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಅದೂ ಅದೇ ಸಾದಾ ಗಾಜು, ಮಕ್ಕಳು ಅದಕ್ಕೂ ಅಷ್ಟೇ ಹತ್ತಿರ. ಸಾಧ್ಯವಾದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಈಗ ದುಡ್ಡಿಗೆ ಕಷ್ಟ ಎಂದಾದರೆ ಅದಕ್ಕೆ ಒಳಗಿನಿಂದ ಸೇಫ್ಟಿ ಫಿಲ್ಮ್ ಅಂಟಿಸಿ, ಒಡೆದರೆ ತುಂಡು ಹಿಡಿದುಕೊಳ್ಳುತ್ತದೆ. ಬಿಸಿಲಿಗೆ ಹಾಕುವ ಕಪ್ಪು ಫಿಲ್ಮ್ ಬೇರೆ, ಇದು ಬೇರೆ. ಕೇಳಿ ತನ್ನಿ.

ನೀವೇ ಮಾಡಬಹುದಾ? ಅರ್ಧ ಮಾಡಬಹುದು. ಹಳಿ ತೊಳೆಯುವುದು, ಒಡೆಯದ ಶಟರ್ ಇಳಿಸಿ ಚಕ್ರ ಬದಲಿಸುವುದು ಇಬ್ಬರು ಗಟ್ಟಿಯಾದವರಿದ್ದರೆ ಕಷ್ಟ ಅಲ್ಲ. ಒಳಗಿನ ಹಳಿಯ ಶಟರ್ ಮೊದಲು. ಮೇಲೆ ಶಟರ್ ಎದ್ದು ಬರದಂತೆ ತಡೆಯುವ ಸಣ್ಣ ತುಂಡು ಇದ್ದರೆ ಅದರ ಸ್ಕ್ರೂ ತೆಗೆಯಿರಿ. ಇಬ್ಬರೂ ಎರಡು ಬದಿ ಹಿಡಿದು ಶಟರನ್ನು ಮೇಲಿನ ಹಳಿಯೊಳಕ್ಕೆ ಎತ್ತಿ, ಬುಡವನ್ನು ನಿಮ್ಮ ಕಡೆಗೆ ಎಳೆದು ಇಳಿಸಿ. ಬಿರುಕು ಬಿಟ್ಟ ಶಟರನ್ನು ಮಾತ್ರ ನೀವು ಮುಟ್ಟಬೇಡಿ. ಎತ್ತುವಾಗ ತಿರುಚಿದರೆ ಬಿರುಕು ಓಡಿ ಮೇಲಿನ ಅರ್ಧ ಕೈಯ ಮೇಲೆ ಬೀಳಬಹುದು. ಕೆಲಸ ಗೊತ್ತಿದ್ದವರು ದಪ್ಪ ಗ್ಲೌಸ್, ಕನ್ನಡಕ, ಬೂಟು ಹಾಕಿಕೊಂಡು, ಗಾಜಿನ ಮೇಲೆ ಗೋಣಿ ಹೊದಿಸಿ ಇಳಿಸುತ್ತಾರೆ. ಚಪ್ಪಲಿಯಲ್ಲಿ ಬಂದವರಿಗೆ ಈ ಕೆಲಸ ಕೊಡಬೇಡಿ.

ಕೆಲಸದ ದಿನ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ್ದು ಕೆಲವೇ. ಹೊಸ ಗಾಜು ಬಂದ ಕೂಡಲೆ ಅದನ್ನು ಟೈಲ್ಸ್ ಮೇಲೆ ನಿಲ್ಲಿಸಲು ಬಿಡಬೇಡಿ. ಟಫನ್ಡ್ ಗಾಜಿನ ಮುಖಕ್ಕೆ ಮುಷ್ಟಿಯಿಂದ ಗುದ್ದಿದರೂ ಏನಾಗುವುದಿಲ್ಲ, ಮೂಲೆ ಒಮ್ಮೆ ಟೈಲ್ಸಿಗೆ ತಾಗಿದರೆ ಮುಗಿಯಿತು. ಎರಡು ಮರದ ರೀಪು, ಅದರ ಮೇಲೆ ಗೋಣಿ, ಗೋಡೆಗೂ ಗಾಜಿಗೂ ನಡುವೆ ಕಂಬಳಿ. ಸ್ವಲ್ಪವೇ ಓರೆ. ಮಲಗಿಸಬಾರದು, ಹೊರುವಾಗಲೂ ನಿಂತ ಹಾಗೇ ಹೊರಬೇಕು.

ಹಳೇ ರಬ್ಬರನ್ನು ತೊಳೆದು ಮತ್ತೆ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಗಾಜು ಒಡೆಯಲು ಅದೇ ಅರ್ಧ ಕಾರಣ. ಹೊಸ ಇಪಿಡಿಎಂ (ಬಿಸಿಲು ಮಳೆ ತಾಳುವ) ರಬ್ಬರ್, ನಾಲ್ಕೂ ಸುತ್ತಿಗೆ ಒಂದೇ ತುಂಡು, ಮೂಲೆಯಲ್ಲಿ ತುಂಡು ಮಾಡದೆ ಬರಿಯ ಕಚ್ಚು ಹಾಕಿ ಮಡಚಬೇಕು. ಎರಡು ತುದಿ ಸೇರುವ ಜಾಗ ಮೇಲ್ಗಡೆ ಬರಲಿ. ಗಾಜು ಜಾರಲು ಎಣ್ಣೆ ಹಚ್ಚಬಾರದು, ರಬ್ಬರ್ ಉಬ್ಬುತ್ತದೆ. ಸೋಪಿನ ನೀರು ಸಾಕು. ಗಾಜಿನ ಅಡಿಗೆ, ಎರಡು ತುದಿಯಿಂದ ಅಗಲದ ಕಾಲು ಪಾಲು ಒಳಗೆ, ಗಟ್ಟಿ ರಬ್ಬರಿನ ಎರಡು ಬಿಲ್ಲೆ ಇಡಿಸಿ. ಭಾರ ಆ ಎರಡರ ಮೇಲೆ ಕೂರಬೇಕು, ಮೂಲೆಗೆ ಏನೂ ತಾಗಬಾರದು. ಮರದ ಚೂರು ಇಡುತ್ತಾರೆ, ಬೇಡ. ಮಳೆಗಾಲದಲ್ಲಿ ಅದು ಉಬ್ಬಿ ಗಾಜನ್ನು ಎತ್ತುತ್ತದೆ, ಬೇಸಿಗೆಯಲ್ಲಿ ಒಣಗಿ ಬೀಳುತ್ತದೆ. ಪಟ್ಟಿ ಸೇರಿಸುವಾಗ ಸುತ್ತಿಗೆಯಿಂದ ನೇರ ಹೊಡೆಯಬಾರದು. ಒಂದು ಮರದ ತುಂಡು ಇಟ್ಟು ಅದರ ಮೇಲೆ ಮೆಲ್ಲಗೆ ಬಡಿಯಬೇಕು.

ಸ್ಕ್ರೂ ಎಲ್ಲ ಹೊಸದು ಹಾಕಿಸಿ, ಸ್ಟೇನ್‌ಲೆಸ್ ಸ್ಟೀಲಿನದ್ದು. ಅದರಲ್ಲೂ 304 ಎಂಬ ದರ್ಜೆಯದು ಎಂದು ಹೇಳಿ ಕೇಳಿ. ಸಮುದ್ರ ಇಷ್ಟು ಹತ್ತಿರ ಇರುವ ನಿಮಗೆ 316 ಸಿಕ್ಕರೆ ಇನ್ನೂ ಒಳ್ಳೆಯದು. ಅಗ್ಗದ ಸ್ಕ್ರೂ ಒಂದೇ ಮಳೆಗಾಲದಲ್ಲಿ ಕೆಂಪಾಗಿ, ಮುಂದಿನ ಸಲ ಬಿಚ್ಚಲು ಬರುವುದಿಲ್ಲ. ಚಕ್ರವೂ ಸ್ಟೇನ್‌ಲೆಸ್ ಸ್ಟೀಲ್ ಬೇರಿಂಗಿನದ್ದು ಬೇಕು, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು ಒಂದು ಹಳೆಯದು ಇದ್ದರೆ ಶಟರ್ ಮತ್ತೆ ಓರೆಯೇ. ಶಟರ್ ಬಿಚ್ಚಿದಾಗಲೇ ಬದಿಯ ಬ್ರಷ್ ಪಟ್ಟಿಯನ್ನೂ ಬದಲಿಸಿಬಿಡಿ. ಅದಕ್ಕೆ ದುಡ್ಡು ಕಡಿಮೆ. ಇರುವೆ, ಗಾಳಿ, ಹನಿ ಎಲ್ಲಕ್ಕೂ ಅದೇ ತಡೆ.

ಕೆಳಗಿನ ಹಳಿಯ ಹೊರಮುಖದಲ್ಲಿ ಸಣ್ಣ ಸೀಳುಗಳಿರುತ್ತವೆ, ನೋಡಿದ್ದೀರಾ? ಒಳಗೆ ಬಂದ ಮಳೆನೀರು ಹೊರಗೆ ಹೋಗುವ ದಾರಿ ಅದು. ಎಷ್ಟೋ ಮನೆಗಳಲ್ಲಿ ನೀರು ಅಲ್ಲಿಂದಲೇ ಬರುತ್ತದೆ ಎಂದು ತಿಳಿದು ಸಿಲಿಕಾನ್ ತುಂಬಿರುತ್ತಾರೆ. ಆಮೇಲೆ ನೀರು ಹಳಿಯಲ್ಲಿ ತುಂಬಿ ಒಳಗಡೆಗೇ ಹರಿಯುತ್ತದೆ. ಚಕ್ರ ಮಳೆಗಾಲವಿಡೀ ನೀರಲ್ಲಿ ಮುಳುಗಿರುತ್ತದೆ. ನಿಮ್ಮಲ್ಲಿ ಮುಚ್ಚಿದ್ದರೆ ಬಿಡಿಸಿ, ಇಲ್ಲವೇ ಇಲ್ಲದಿದ್ದರೆ ತೆಗೆಸಿ. ಒಂದು ಚೊಂಬು ನೀರು ಹಳಿಗೆ ಹೊಯ್ದರೆ ನಿಲ್ಲದೆ ಹೊರಗೆ ಹರಿದು ಹೋಗಬೇಕು. ಚೌಕಟ್ಟಿಗೂ ಗೋಡೆಗೂ ನಡುವೆ ಸಿಲಿಕಾನ್ ಹಾಕುವಾಗ ನ್ಯೂಟ್ರಲ್ ಎಂದು ಬರೆದದ್ದನ್ನೇ ತರಿಸಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಲೋಹವನ್ನು ತಿನ್ನುತ್ತದೆ.

ಟಫನ್ಡ್ ಗಾಜು ಆರ್ಡರ್ ಕೊಟ್ಟ ಮೇಲೆ ಕೆಲವು ದಿನ ಕಾಯಬೇಕು. ಅಂಗಡಿಯಲ್ಲಿ ನಿಂತು ಕೊಯ್ದು ಕೊಡುವ ವಸ್ತು ಅಲ್ಲ. ಅಲ್ಲಿಯವರೆಗೆ ಚೌಕಟ್ಟಿಗೆ ಪ್ಲೈವುಡ್ ಹಾಕಿಕೊಡಿ ಎಂದು ಅಳತೆಗೆ ಬಂದವರಿಗೇ ಹೇಳಿ. ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತು) ಮೊದಲು ಈ ಕೆಲಸ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಒದ್ದೆ ಗಾಡಿಯಲ್ಲಿ ರಬ್ಬರ್ ಸರಿಯಾಗಿ ಕೂರುವುದಿಲ್ಲ, ಸಿಲಿಕಾನ್ ಅಂಟುವುದಿಲ್ಲ. ನಿಮ್ಮ ಪಡುದಿಕ್ಕಿನ ಬಾಗಿಲನ್ನು ಅರ್ಧ ದಿನ ತೆರೆದಿಡಲೂ ಆಗುವುದಿಲ್ಲ.

ಹಳೇ ಗಾಜಿನ ತುಂಡುಗಳನ್ನು ತೋಟದ ಮೂಲೆಗೆ, ಬಾವಿಕಟ್ಟೆಯ ಹಿಂದೆ ಇಡಿಸಬೇಡಿ. ಎರಡು ಗೋಣಿಯಲ್ಲಿ ಸುತ್ತಿ ಕಟ್ಟಿ ಅವರೇ ಒಯ್ಯಬೇಕು, ಕೂಲಿ ಮಾತಾಡುವಾಗಲೇ ಅದನ್ನು ಸೇರಿಸಿ. ಹೊಸ ಗಾಜಿಗೆ ಮಕ್ಕಳ ಕಣ್ಣಿನ ಎತ್ತರಕ್ಕೆ ಒಂದು ಸಾಲು, ದೊಡ್ಡವರ ಕಣ್ಣಿನ ಎತ್ತರಕ್ಕೆ ಒಂದು ಸಾಲು ಸ್ಟಿಕ್ಕರ್ ಅಂಟಿಸಿ. ತೊಳೆದ ಗಾಜು ತೆರೆದ ಬಾಗಿಲಿನ ಹಾಗೇ ಕಾಣುತ್ತದೆ. ಓಡಿ ಬರುವ ಮಗುವಿಗೆ, ಕಣ್ಣು ಮಂಜಾದ ಅತ್ತೆಗೆ ಅಲ್ಲಿ ಏನೋ ಇದೆ ಎಂದು ಗೊತ್ತಾಗಬೇಕು. ಮುಂದೆ ತಿಂಗಳಿಗೊಮ್ಮೆ ಹಳಿ, ಚೌಕಟ್ಟು, ಗಾಜು ಮೂರನ್ನೂ ಒಳ್ಳೆ ನೀರಿನಲ್ಲಿ ತೊಳೆಯಿರಿ. ಬೇಸಿಗೆಯಲ್ಲಿ ಮಳೆ ಇಲ್ಲದಾಗ ಉಪ್ಪು ಅಲ್ಲೇ ಕೂತಿರುತ್ತದೆ, ಆಗಲೇ ತೊಳೆಯುವುದು ಮುಖ್ಯ. ಹಳಿಗೆ ತೆಂಗಿನೆಣ್ಣೆ, ಗ್ರೀಸ್ ಹಾಕಬೇಡಿ. ಧೂಳು ಅಂಟಿ ಮತ್ತೆ ಕೆಸರಾಗುತ್ತದೆ.

ಕೆಲಸ ಮುಗಿಯಿತು ಎಂದ ಮೇಲೆ, ಹಣ ಕೊಡುವ ಮೊದಲು, ಅತ್ತೆಯವರನ್ನು ಕರೆದು ಅವರ ಕೈಯಿಂದಲೇ ಎರಡೂ ಶಟರನ್ನು ಎಳೆಸಿ ನೋಡಿ. ಒಂದು ಕೈಯಲ್ಲಿ, ಮೈ ಬಗ್ಗಿಸದೆ, ಸದ್ದಿಲ್ಲದೆ ಹೋಗಬೇಕು. ಅವರು ಎರಡನೇ ಕೈ ಹಾಕಿದರೆ ಚಕ್ರದ ಸ್ಕ್ರೂ ಇನ್ನೊಮ್ಮೆ ತಿರುಗಿಸಿ ಮಟ್ಟ ನೋಡಲು ಹೇಳಿ.